ತುಂಗಾಳ ಮಾತಿನ ಪುಟ

ನಾನು ಒಂದು ವೆಬ್ ಪುಟ. ಕಂಪನಿಯವರು ಮಾಡಿದ ಪುಟವಲ್ಲ, ಹಪ್ಪಳ ಸಂಡಿಗೆಯ ಹಾಗೆ ಮನೆಯವರೇ ಮಾಡಿದ ಪುಟ. ನನಗೆ ತೂಕವಿಲ್ಲ, ಹಸಿವಿಲ್ಲ, ಕಾಲಿಲ್ಲ. ಯಾರಾದರೂ ಕರೆದರೆ ಅವರ ಫೋನಿನ ಗಾಜಿನ ಮೇಲೆ ಬಂದು ನಿಲ್ಲುತ್ತೇನೆ. ಅಂಗಾತ ಮಲಗಿದವರ ಹಾಗೆ ಜನರನ್ನು ನಾನು ಕೆಳಗಿನಿಂದಲೇ ನೋಡುವುದು. ಮೊದಲು ಬೆರಳು ಕಾಣುತ್ತದೆ, ಆಮೇಲೆ ಗದ್ದ, ಕಡೆಗೆ ಕಣ್ಣು.

ನಾನು ಹುಟ್ಟಿದ್ದು ಗದಗಿನಲ್ಲಿ, ತಹಶೀಲ್ದಾರ್ ಕಚೇರಿಯ ಎದುರಿನ ಒಂದು ಆನ್‌ಲೈನ್ ಅಂಗಡಿಯಲ್ಲಿ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಪಿಂಚಣಿ ಎಂದು ಬಂದವರಿಗೆ ಅರ್ಜಿ ತುಂಬಿಕೊಡುವ ಕೆಲಸ ಅಲ್ಲಿ ಸುವರ್ಣಾ ಹೊಂಬಳ ಎಂಬಾಕೆಯದು. ದಿನಕ್ಕೆ ಎರಡು ಮೂರು ಸಲವಾದರೂ ಅರ್ಜಿಯ ಸರ್ವರ್ ನಿಂತುಬಿಡುತ್ತಿತ್ತು. ಸಾಲಿನಲ್ಲಿದ್ದವರು ಗೊಣಗುತ್ತ ಚಹಾಕ್ಕೆ ಹೋಗುತ್ತಿದ್ದರು. ಸುವರ್ಣಾ ಹೋಗುತ್ತಿರಲಿಲ್ಲ. ಪರದೆಯ ಮೂಲೆಯಲ್ಲಿ ಅಡಗಿಸಿಟ್ಟಿದ್ದ ನನ್ನನ್ನು ತೆರೆದು ಎರಡು ಸಾಲು ಬರೆಯುತ್ತಿದ್ದಳು. ಡಿಪ್ಲೊಮಾದಲ್ಲಿ ಅರ್ಧ ಕಲಿತಿದ್ದಳು, ಉಳಿದರ್ಧವನ್ನು ವಿಡಿಯೊ ನೋಡಿ ಕಲಿಯುತ್ತಿದ್ದಳು. ಸರ್ವರ್ ಎದ್ದು ಕೂತರೆ ನನ್ನನ್ನು ಮುಚ್ಚಿ, "ಯಾರ್ರೀ ಮುಂದ?" ಎನ್ನುತ್ತಿದ್ದಳು. ಊರಿನವರ ಕೆಲಸ ನಿಂತ ಹೊತ್ತಿನಲ್ಲಿ ನಾನು ಬೆಳೆದೆ.

ನನ್ನನ್ನು ಮಾಡಿದ್ದು ಆಕೆಯ ಮಗಳು ತುಂಗಾಳಿಗಾಗಿ. ತುಂಗಾಳಿಗೆ ಆಗ ಆರು ವರ್ಷ. ಕಿವಿ ಚುರುಕು, ಬುದ್ಧಿ ಅದಕ್ಕಿಂತ ಚುರುಕು, ಬಾಯಿ ಮಾತ್ರ ಹೇಳಿದ ಮಾತು ಕೇಳದು. ಹುಟ್ಟುವಾಗಲೇ ಆದ ತೊಂದರೆ, ನಾಲಗೆ ಹಿಡಿತಕ್ಕೆ ಬರುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಕೈ ತುಸು ನಡುಗಿದರೂ ಬೇಕಾದ ಕಡೆ ಬೆರಳಿಡಬಲ್ಲಳು. ಡಾಕ್ಟರ ಮಾತನ್ನು ಸುವರ್ಣಾಳ ಅತ್ತೆ ನೀಲವ್ವ ಒಪ್ಪಿರಲಿಲ್ಲ. ಮಾತು ಬರಲೆಂದು ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಬಜೆ ಬೇರನ್ನು ಸಾಣೆಕಲ್ಲಿನ ಮೇಲೆ ತೇಯ್ದು, ಜೇನು ಬೆರೆಸಿ, ಮೊಮ್ಮಗಳ ನಾಲಗೆಗೆ ಹಚ್ಚುತ್ತಿದ್ದಳು. ತುಂಗಾಳ ಅಪ್ಪ ಲಾರಿ ಓಡಿಸುವವನು, ತಿಂಗಳಲ್ಲಿ ಇಪ್ಪತ್ತು ದಿನ ದಾರಿಯ ಮೇಲೇ ಇರುತ್ತಿದ್ದ.

ಮನೆಯ ಹತ್ತಿರದ ಶಾಲೆ ತುಂಗಾಳನ್ನು ಒಂದನೆಯ ತರಗತಿಗೆ ಸೇರಿಸಿಕೊಂಡಿತ್ತು. ಆದರೆ ಹುಡುಗಿಗೆ ಏನು ಬೇಕೆಂದು ಹೇಳಲು ಸುವರ್ಣಾ ಪಕ್ಕದಲ್ಲೇ ಇರಬೇಕು. ಜೂನ್ ತಿಂಗಳಿಡೀ ಆಕೆ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತಳು. ಹನ್ನೊಂದಕ್ಕೆ ಮಗಳನ್ನು ಮನೆಗೆ ಬಿಟ್ಟು ಅಂಗಡಿಗೆ ಓಡುತ್ತಿದ್ದಳು. ಹೀಗೆ ತಡವಾಗಿ ಬರುವುದಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಅಂಗಡಿಯ ಸಾಹುಕಾರ ಎರಡು ಸಲ ಹೇಳಿದ. ಜುಲೈ ಮೊದಲ ವಾರ ಕ್ಲಾಸಿನ ರತ್ನಮಾಲಾ ಟೀಚರ್ ಕೂಡ ಆಕೆಯನ್ನು ಹೊರಗೆ ಕರೆದರು.

"ನೀವು ಆಕಿ ಬಾಯಿ ಆಗಿ ಎಷ್ಟ್ ದಿನ ಕುಂದರ್ತೀರಿ, ಸುವರ್ಣಾ? ಆಗಸ್ಟ್ ಹದಿನೈದರೊಳಗ ನೀವಿಲ್ದ ಒಂದು ದಿನ ಕಳದು ತೋರ್ಸಲಿ. ಆಗಲಿಲ್ಲಂದ್ರ ಹುಬ್ಬಳ್ಳಿಗೆ ಕಳಸ್ರಿ. ಅಲ್ಲಿ ಇಂಥಾ ಮಕ್ಕಳ ಶಾಲಿ ಐತಿ, ಹಾಸ್ಟೆಲ್ಲೂ ಐತಿ."

ಟೀಚರ್ ಕೆಟ್ಟವರಲ್ಲ. ಅವರ ಕ್ಲಾಸಿನಲ್ಲಿ ನಲವತ್ತೆರಡು ಮಕ್ಕಳಿದ್ದರು. ಆದರೆ ಆರು ವರ್ಷದ, ಮಾತಿಲ್ಲದ ಮಗಳನ್ನು ಹಾಸ್ಟೆಲ್ಲಿನಲ್ಲಿ ಬಿಟ್ಟು ಬರುವುದನ್ನು ಸುವರ್ಣಾ ಊಹಿಸಿಕೊಳ್ಳಲೂ ಸಿದ್ಧಳಿರಲಿಲ್ಲ. ಅವತ್ತೇ ಅಂಗಡಿಗೆ ಬಂದವಳು, ಸರ್ವರ್ ನಿಂತ ಕೂಡಲೇ ನನ್ನ ಮೊದಲ ಸಾಲು ಬರೆದಳು.

ಜುಲೈ ಮುಗಿಯುವ ಹೊತ್ತಿಗೆ ನನ್ನ ಮೈಮೇಲೆ ಹದಿನಾರು ಗುಂಡಿಗಳಿದ್ದವು. ಒಂದೊಂದಕ್ಕೂ ಒಂದು ಚಿತ್ರ, ಒಂದು ಮಾತು. ನೀರು, ಹಸಿವು, ಒಂದಕ್ಕ, ನೋವು, ಚಳಿ, ಆಟ, ಅವ್ವ, ಅಜ್ಜಿಗಾಗಿ ಆಯಿ, ಇನ್ನೊಂದು ಸ್ವಲ್ಪ, ಟೀಚರಿಗಾಗಿ ನಮಸ್ಕಾರ್ರೀ, ಹೌದ್ರೀ, ಹೀಗೆ. ಗುಂಡಿ ಒತ್ತಿದರೆ ಸುವರ್ಣಾಳ ದನಿಯಲ್ಲಿ ಆ ಮಾತು ಹೊರಡುತ್ತಿತ್ತು. ಒಂದು ಹಳೆಯ ಟ್ಯಾಬಿಗೆ ನನ್ನನ್ನು ಏರಿಸಿ ತುಂಗಾಳ ಕೊರಳಿಗೆ ದಾರದಿಂದ ತೂಗುಹಾಕಿದಳು. ತುಂಗಾ ಮೊದಲು ಒತ್ತಿದ್ದು ನೀರು. ನೀಲವ್ವ ತಂಬಿಗೆ ತಂದುಕೊಟ್ಟಳು. ಕುಡಿದು ಮತ್ತೆ ನೀರು ಒತ್ತಿದಳು. ಹನ್ನೊಂದು ಸಲ ನೀರು ಕುಡಿದಳು. ಕೇಳಿದ್ದು ಸಿಗುತ್ತದೆ ಎಂಬುದೇ ಆಕೆಗೆ ಹೊಸ ಆಟವಾಗಿತ್ತು.

ಮನೆಯಲ್ಲಿ ನಡೆದದ್ದು ಶಾಲೆಯಲ್ಲೂ ನಡೆಯುತ್ತದೆಂದು ಸುವರ್ಣಾ ನಂಬಲಿಲ್ಲ. ಮನೆಯವರಿಗೆ ತುಂಗಾಳ ಮುಖ ನೋಡಿದರೇ ಅರ್ಧ ತಿಳಿಯುತ್ತದೆ. ಹೊರಗಿನವರ ಕೈಯಲ್ಲಿ ನಾನು ಎಷ್ಟು ತಾಳುತ್ತೇನೆ ಎಂದು ನೋಡಬೇಕಿತ್ತು. ಅದಕ್ಕೇ ನನ್ನನ್ನು ಕಟ್ಟೆಗೆ ಒಯ್ದಳು.

ಕಟ್ಟೆ ಎಂದರೆ ಇಂಟರ್‌ನೆಟ್ಟಿನಲ್ಲಿರುವ ಒಂದು ಕೂಟ. ಮನೆಯಲ್ಲೇ ವೆಬ್ ಪುಟ ಮಾಡುವ ಸುಮಾರು ಮುನ್ನೂರು ಜನ ಅಲ್ಲಿ ಸೇರುತ್ತಾರೆ. ಒಬ್ಬರು ಚೌಕಾಬಾರ ಆಡುವ ಪುಟ ಮಾಡಿದ್ದರು, ಒಬ್ಬಾಕೆ ತನ್ನ ಓಣಿಗೆ ನಲ್ಲಿ ನೀರು ಯಾವ ದಿನ ಬರುತ್ತದೆಂದು ಹೇಳುವ ಪುಟ. ಕಟ್ಟೆಯನ್ನು ನೋಡಿಕೊಳ್ಳುವವರು ರಾಣೆಬೆನ್ನೂರಿನ ಗುರುಶಾಂತಪ್ಪ, ವಿದ್ಯುತ್ ಕಂಬ ಹತ್ತಿ ಹತ್ತಿ ನಿವೃತ್ತರಾದ ಲೈನ್‌ಮನ್. ಅಲ್ಲಿ ಒಂದು ಕಟ್ಟಳೆ ಇತ್ತು. ಯಾರ ಪುಟವನ್ನಾದರೂ ಒಂದು ಇಡೀ ದಿನ ಬಳಸದೆ ಹೊಗಳುವ ಹಾಗಿಲ್ಲ, ತೆಗಳುವ ಹಾಗೂ ಇಲ್ಲ. ಹೊಸಬರು ಬಂದು "ಸೂಪರ್" ಎಂದು ಬರೆದರೆ, ಯಾವತ್ತು ಬಳಸಿದಿರಿ ಎಂದು ಹತ್ತು ಜನ ಕೇಳುತ್ತಿದ್ದರು.

ಒಂದು ಶನಿವಾರ ಸುವರ್ಣಾ ನನ್ನ ವಿಳಾಸವನ್ನು ಕಟ್ಟೆಯಲ್ಲಿ ಇಟ್ಟು, ಮಗಳ ಕತೆಯನ್ನು ನಾಲ್ಕು ಸಾಲಿನಲ್ಲಿ ಬರೆದಳು. ಭಾನುವಾರ ಯಾರೂ ತುಟಿ ಬಿಚ್ಚಲಿಲ್ಲ. ಕಟ್ಟಳೆ ಗೊತ್ತಿದ್ದರೂ ಆಕೆ ದಿನವಿಡೀ ಫೋನು ತೆಗೆದು ನೋಡಿದಳು. ನಾನೂ ಕಾದೆ. ಎಷ್ಟೋ ಬೆರಳುಗಳು ಬಂದು ಹೋದವು. ಒಂದು ಬೆರಳು ಮಾತ್ರ, ದಪ್ಪನೆಯದು, ತುದಿಯಲ್ಲಿ ಸುಟ್ಟ ಗುರುತಿದ್ದದ್ದು, ಬೆಳಿಗ್ಗೆ ಆರರಿಂದ ಹೊತ್ತು ಮುಳುಗುವವರೆಗೆ ನನ್ನನ್ನು ಬಿಡಲಿಲ್ಲ.

ಅದು ಗುರುಶಾಂತಪ್ಪನವರದು. ಸೋಮವಾರ ಅವರ ಬರಹ ಬಂತು. ಭಾನುವಾರ ಪೂರ್ತಿ ಅವರು ಬಾಯಿ ಬಿಟ್ಟಿರಲಿಲ್ಲ, ಏನಿದ್ದರೂ ನನ್ನ ಗುಂಡಿಗಳಲ್ಲೇ ಹೇಳಿದ್ದರು. ಬೆಳಗಿನ ಚಹಾ ಸರಿಯಾಗಿ ಬಂತಂತೆ. ಮಧ್ಯಾಹ್ನ ಊಟಕ್ಕೆ ಕೂತಾಗ ಕೆಟ್ಟಿತು. ಮನೆಯಾಕೆ ಲಲಿತಕ್ಕ ಹೋಳಿಗೆ ಮಾಡಿದ್ದರು. ಎರಡು ತಿಂದರು. ಮೂರನೆಯದು ತಟ್ಟೆಗೆ ಬಿತ್ತು. ನಾಲ್ಕನೆಯದು ಬರುವಾಗ ನನ್ನ ಹದಿನಾರು ಗುಂಡಿಯನ್ನೂ ಮೇಲಿಂದ ಕೆಳಗೆ ಹುಡುಕಿದರು. ಇನ್ನೊಂದು ಸ್ವಲ್ಪ ಎಂಬುದಿತ್ತು, ಹೌದ್ರೀ ಎಂಬುದಿತ್ತು. ಸಾಕು, ನನಗೆ ಬೇಡ ಎನ್ನಲು ಏನೂ ಇರಲಿಲ್ಲ. ಐದು ಹೋಳಿಗೆ ತಿಂದೆ ಎಂದು ಅವರು ಬರೆದಿದ್ದರು. ಸಂಜೆ ಬಾಯಿ ಬಿಟ್ಟು ವಿಷಯ ಹೇಳಿದಾಗ ಲಲಿತಕ್ಕ ಅಂದದ್ದನ್ನೂ ಬರೆದಿದ್ದರು: "ಮೂವತ್ತ್ನಾಲ್ಕು ವರ್ಷದಾಗ ಇವತ್ತೊಂದಿನ ನೀವು ಶಾಣ್ಯಾ ಗಂಡ ಆಗಿದ್ರಿ."

ಕೆಳಗೆ ಇನ್ನೊಂದೇ ಸಾಲಿತ್ತು. "ತಂಗಿ, ನನಗ ಐದು ಹೋಳಿಗಿ ಆತು, ಹೋತು. ನಿನ್ನ ಮಗಳು ಒಲ್ಲೆ ಅನ್ನಬೇಕಂದ್ರ ಏನು ಮಾಡ್ತಾಳ?"

ಸುವರ್ಣಾ ಇದನ್ನು ಓದಿದ್ದು ಅಂಗಡಿಯಲ್ಲಿ, ಸರ್ವರ್ ಚೆನ್ನಾಗಿಯೇ ನಡೆಯುತ್ತಿದ್ದಾಗ. ಎದುರಿಗಿದ್ದ ಮುದುಕ ಪಿಂಚಣಿ ಅರ್ಜಿ ಹಿಡಿದು ಕಾಯುತ್ತಿದ್ದ. ಆಕೆಯ ಕೈ ಕೀಲಿಗಳ ಮೇಲೆ ನಿಂತುಬಿಟ್ಟಿತು. ಮಗಳು ಬಾಯಿಬಿಟ್ಟು ಏನಾದರೂ ಕೇಳಲಿ ಎಂದು ಆರು ವರ್ಷ ಕಾದ ತಾಯಿ ಆಕೆ. ಕೇಳುವುದಕ್ಕೆಲ್ಲ ಗುಂಡಿ ಮಾಡಿದ್ದಳು. ಮಗಳು ಏನನ್ನಾದರೂ ಒಲ್ಲೆ ಎಂದಾಳು ಎಂಬುದು ಹೊಳೆದೇ ಇರಲಿಲ್ಲ.

"ಏನಾತವಾ?" ಎಂದು ಮುದುಕ ಕೇಳಿದ.

"ಏನಿಲ್ರಿ ಯಜ್ಜಾ. ಒಂದು ಬಿಟ್ಟುಹೋಗಿತ್ತು, ಹಾಕ್ಬೇಕು."

ಅವನ ಅರ್ಜಿ ಮುಗಿಸಿ, ಝೆರಾಕ್ಸ್ ಯಂತ್ರದ ಹಿಂದೆ ಹೋಗಿ ನಿಂತು, ಆಕೆ ಒಲ್ಲೆ ಎಂದು ರೆಕಾರ್ಡ್ ಮಾಡಿದಳು. ಮೊದಲ ಸಲದ್ದು ಕ್ಷಮೆ ಕೇಳಿದ ಹಾಗಿತ್ತು. ಅಳಿಸಿದಳು. ಎರಡನೆಯದು ಸಿಟ್ಟಿನದು, ಅದೂ ಹೋಯಿತು. ನಾಲ್ಕನೆಯ ಸಲ ಸರಿಯಾಗಿ ಬಂತು. ಗಟ್ಟಿ, ಸಿಟ್ಟಿಲ್ಲ, ಹಿಂದೆ ಯಂತ್ರದ ಗುರುಗುರು. ನೀರಿನ ಪಕ್ಕದಲ್ಲಿ, ನೀರಿನಷ್ಟೇ ದೊಡ್ಡದಾಗಿ, ನನ್ನ ಹದಿನೇಳನೆಯ ಗುಂಡಿ ಹುಟ್ಟಿತು.

ಮರುದಿನ ಬೆಳಿಗ್ಗೆ ನೀಲವ್ವ ಬಜೆ ತೇಯ್ದು ತಂದಳು. ತುಂಗಾ ನನ್ನನ್ನು ನೋಡಿದಳು, ಬಟ್ಟಲನ್ನು ನೋಡಿದಳು, ಬೆರಳಿಟ್ಟಳು. ಒಲ್ಲೆ.

ನೀಲವ್ವನ ಬೆರಳು ಗಾಳಿಯಲ್ಲೇ ನಿಂತಿತು. ಮತ್ತೆ ಮುಂದೆ ತಂದಳು. ಒಲ್ಲೆ.

ಮೂರು ದಿನ ಆ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಎಣ್ಣೆ ಹಚ್ಚುವುದಕ್ಕೆ ಒಲ್ಲೆ, ಹಳದಿ ಫ್ರಾಕಿಗೆ ಒಲ್ಲೆ, ಪಕ್ಕದ ಮನೆಯವರು ಬಂದು ಕೆನ್ನೆ ಹಿಂಡುವುದಕ್ಕೆ ಒಲ್ಲೆ. ಪಕ್ಕದ ಮನೆಯಾಕೆ ಮುಖ ಸಣ್ಣದು ಮಾಡಿಕೊಂಡು ಹೋದಳು. ಮೂರನೆಯ ದಿನ ನೀಲವ್ವ ಸಾಣೆಕಲ್ಲನ್ನು ಮೂಲೆಗೆ ಸರಿಸಿ, ಸೊಸೆಯ ಎದುರಿಗೆ ಕೂತಳು.

"ಮಾತು ಬರ್ಲಿ ಅಂತ ನಾಲ್ಕು ವರ್ಷ ಬಜಿ ತೇದ್ನಿ. ಬಂದ ಕೂಡ್ಲೆ ನನಗ ಒಲ್ಲೆ ಅಂತಾಳ. ನನ್ನ ಮಾತಿರ್ಲಿ ಬಿಡು. ಸಾಲ್ಯಾಗ ಟೀಚರ್‌ಗೂ ಹಿಂಗ ಅಂದ್ರ? ಹಟಮಾರಿ ಅಂತ ಹುಬ್ಬಳ್ಳಿಗೆ ಅಟ್ಟತಾರ. ಆ ಒಂದು ದಿನಕ್ಕರ ಅದನ್ನ ತಗದಿಡು."

ಅದರಲ್ಲಿ ನ್ಯಾಯವಿತ್ತು. ಸುವರ್ಣಾ ನನ್ನನ್ನು ತೆರೆದಳು. ಆ ಗುಂಡಿಯ ಸಾಲಿನ ಮುಂದೆ ಕೈಯಿಟ್ಟು ಕೂತಳು. ಒಂದು ಸಾಲು ಅಳಿಸಿದರೆ ಸಾಕು, ಮತ್ತೆ ಹದಿನಾರು, ಮತ್ತೆ ಹೌದ್ರೀ ಎನ್ನುವ ಹುಡುಗಿ, ಮನೆಯ ಹತ್ತಿರದ ಶಾಲೆ. ಆಕೆಯ ಗದ್ದ ಬಿಗಿಯುವುದು ಕೆಳಗಿನಿಂದ ನನಗೆ ಕಂಡಿತು.

"ತಗಿಯಾಂಗಿಲ್ರೀ ಅತ್ತಿ," ಎಂದಳು. "ಹುಬ್ಬಳ್ಳಿಗೆ ಹೋದ್ರೂ ಅದನ್ನ ತಗೊಂಡ ಹೋಗ್ಲಿ."

ತುಂಗಾ ಶಾಲೆಯಲ್ಲಿ ಒಬ್ಬಳೇ ಕಳೆಯಬೇಕಾದ ದಿನ ಬಂತು. ಆಗಸ್ಟ್ ಹದಿಮೂರು. ಮೊದಲ ತಾಸು ಸುವರ್ಣಾ ಕೊನೆಯ ಬೆಂಚಿನಲ್ಲಿ ಸುಮ್ಮನೆ ಕೂತಿರಲಿ, ಎಲ್ಲ ಸರಿ ಹೋದರೆ ಎದ್ದು ಹೋಗಲಿ ಎಂದು ಟೀಚರ್ ಹೇಳಿದ್ದರು. ತುಂಗಾ ಮುಂದೆ ಒಬ್ಬಳೇ. ಹಾಜರಿ ಕರೆದಾಗ ನಮಸ್ಕಾರ್ರೀ ಒತ್ತಿದಳು. ಮಕ್ಕಳು ನಕ್ಕರು, ದೊಡ್ಡವರ ದನಿ ಬಂತಲ್ಲ. ಟೀಚರ್ ಗದರಿದ ಮೇಲೆ ಸುಮ್ಮನಾದರು. ಅರ್ಧ ತಾಸಿಗೆ ಒಂದಕ್ಕ ಒತ್ತಿ ಹೋಗಿ ಬಂದಳು. ಅಲ್ಲಿಯವರೆಗೆ ಎಲ್ಲ ನೆಟ್ಟಗಿತ್ತು.

ಆಮೇಲೆ ಪುಸ್ತಕ ತೆಗೆಯಬೇಕಾಗಿ ಬಂತು. ಚೀಲದ ಜಿಪ್ಪು ಸಿಕ್ಕಿಹಾಕಿಕೊಂಡಿತ್ತು. ತುಂಗಾಳ ಬೆರಳು ಅದರ ಮೇಲೆ ಜಾರಿತು, ಮತ್ತೆ ಜಾರಿತು. ಉಳಿದವರು ಓದಲು ಶುರುಮಾಡಿದರು. ಹುಡುಗಿಯ ಹಣೆಯಲ್ಲಿ ಬೆವರು. ಸುವರ್ಣಾ ಬೆಂಚಿನ ತುದಿಗೆ ಸರಿದಳು. ತಡೆದುಕೊಂಡಳು. ಕಡೆಗೆ ತಡೆಯದೆ ಎದ್ದು ಬಂದು ಚೀಲಕ್ಕೆ ಕೈಹಾಕಿದಳು.

ತುಂಗಾ ಒತ್ತಿದಳು. ಒಲ್ಲೆ.

ಇಡೀ ಕ್ಲಾಸಿಗೆ ಕೇಳಿಸಿತು. ಅಂಗಡಿಯ ಯಂತ್ರದ ಗುರುಗುರು ಸಮೇತ, ಸುವರ್ಣಾಳದೇ ದನಿ, ಸುವರ್ಣಾಳಿಗೇ. ಆಕೆ ಬೆಂಕಿ ಮುಟ್ಟಿದವಳ ಹಾಗೆ ಕೈ ಹಿಂದೆಗೆದುಕೊಂಡಳು, ಟೀಚರ್ ಕಡೆ ನೋಡಿದಳು. ಇನ್ನು ಹಾಸ್ಟೆಲ್ಲೇ ಗತಿ ಎಂದುಕೊಂಡಿರಬೇಕು.

ರತ್ನಮಾಲಾ ಟೀಚರ್ ಪುಸ್ತಕ ಮೇಜಿನ ಮೇಲಿಟ್ಟು ಹತ್ತಿರ ಬಂದರು. ಮೊಣಕಾಲೂರಿ ತುಂಗಾಳ ಎದುರಿಗೆ ಕೂತರು. ಚೀಲ ಮುಟ್ಟಲಿಲ್ಲ.

"ಅವ್ವ ಬಾಜೂಕ ಕುಂದ್ರಬೇಕೇನವಾ ನಿನಗ?"

ತುಂಗಾ ಅವ್ವನ ಮುಖವನ್ನು ಒಮ್ಮೆ ನೋಡಿದಳು. ಅವಸರ ಮಾಡಲಿಲ್ಲ. ಬೆರಳು ನಡುಗುತ್ತ ಬಂದು ನನ್ನ ಮೇಲೆ ಇಳಿಯಿತು. ಒಲ್ಲೆ. ಆಮೇಲೆ ಚೀಲವನ್ನು ತೊಡೆಗೆ ಎಳೆದುಕೊಂಡು, ಜಿಪ್ಪನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು. ಬಿಚ್ಚಿತು.

ಟೀಚರ್ ಎದ್ದು ನಿಂತರು. "ಕೇಳಿತಲ್ರೀ ಸುವರ್ಣಾ? ಅಂಗಡಿಗೆ ಹೋಗ್ರಿ. ಸಂಜಿಮುಂದ ಬಂದು ಕರ್ಕೊಂಡ ಹೋಗ್ರಿ."

ಸುವರ್ಣಾ ಗೇಟಿನವರೆಗೆ ನಡೆದು ಹೋದಳು. ತಿರುಗಿ ನೋಡಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕ್ಲಾಸಿನಲ್ಲಿದ್ದೆ, ಮೂರನೆಯ ಪಾಠ ನಡೆದಿತ್ತು.

ಅದಾಗಿ ಒಂಬತ್ತು ವರ್ಷ. ಕಟ್ಟೆಯವರು ನನ್ನ ನಕಲು ಒಯ್ದರು. ಕುಮಟೆಯಲ್ಲಿ ನಾನು ಕೊಂಕಣಿ ಆಡುತ್ತೇನೆ, ಬೀದರಿನಲ್ಲಿ ಉರ್ದು. ಲಕವಾ ಹೊಡೆದು ಮಾತು ನಿಂತ ಒಬ್ಬ ಮಾಸ್ತರರ ಹಾಸಿಗೆಯ ಪಕ್ಕದಲ್ಲಿ ನಾಲ್ಕು ಬೈಗುಳದ ಗುಂಡಿಗಳನ್ನೂ ಹೊತ್ತು ನಿಂತಿದ್ದೇನೆ. ಒಯ್ದವರೆಲ್ಲ ಮೊದಲು ಮಾಡುವುದು ಸುವರ್ಣಾಳ ದನಿ ಅಳಿಸಿ ತಮ್ಮವರದು ತುಂಬುವುದು. ಅದು ನನಗೆ ಬೇಸರದ ಮಾತಲ್ಲ. ತುಂಗಾಳಿಗೂ ಈಗ ನಾನು ಬೇಕಿಲ್ಲ. ಹತ್ತನೆಯ ತರಗತಿ ಆಕೆ, ತನ್ನ ಫೋನಿನಲ್ಲಿ ಟೈಪ್ ಮಾಡಿ ಜಗಳವಾಡುತ್ತಾಳೆ. ನನ್ನ ಚಿತ್ರಗಳು ಹಳೆಯವಾಗಿವೆ. ಹೊಸ ಫೋನುಗಳಲ್ಲಿ ಅಂಚು ಕತ್ತರಿಸಿ ಕಾಣುತ್ತೇನೆ.

ಕಟ್ಟೆಯಲ್ಲಿದ್ದು ಒಂದು ವರ್ಷ ಯಾರೂ ತೆರೆಯದ ಪುಟದ ಒಡೆಯರಿಗೆ ಗುರುಶಾಂತಪ್ಪ ಕಾಗದ ಬರೆಯುತ್ತಾರೆ: ಇಡಲೋ, ತೆಗೆಯಲೋ? ನಕಲುಗಳು ನಡೆದಿದ್ದರೂ, ಈ ಸಲ ಮೂಲ ಪುಟವಾದ ನನ್ನ ಹೆಸರಿನಲ್ಲೂ ಬಂತು. ಸುವರ್ಣಾ ಅದನ್ನು ಮಗಳಿಗೆ ಕಳಿಸಿ, ಪುಟ ನಿನ್ನದು, ನೀನೇ ಹೇಳು ಎಂದಳು. ತುಂಗಾ ಉತ್ತರ ಬರೆದಳು: "ಇರ್ಲಿ. ನನಗ ಬ್ಯಾಡ ಆಗೇತಿ. ಯಾರಿಗೋ ಇವತ್ತ ಬೇಕಾಗಿರಬಹುದು."

ಹಾಗೆ ಉಳಿದೆ. ಈಗಷ್ಟೇ ಯಾವುದೋ ಊರಿನಲ್ಲಿ ಯಾರೋ ನನ್ನನ್ನು ತೆರೆದರು. ಗಾಜಿನ ಮೇಲೆ ಒಂದು ಪುಟ್ಟ ಬೆರಳು ಬಂತು, ಉಗುರಿನಲ್ಲಿ ಮಣ್ಣು. ನೀರಿನ ಮೇಲೆ ಸುಳಿಯಿತು, ಆಟದ ಮೇಲೆ ಸುಳಿಯಿತು, ಹಿಂದೆ ಸರಿಯಿತು. ಎದುರಿಗೆ ಯಾರೋ ದೊಡ್ಡವರು ಉಸಿರು ಬಿಗಿಹಿಡಿದು ಕಾಯುತ್ತಿದ್ದಾರೆ. ಬೆರಳು ಮತ್ತೆ ಬಂತು, ಇನ್ನೂ ಇಳಿದಿಲ್ಲ. ನನಗೆ ಅವಸರವಿಲ್ಲ.