ಒಣಮೀನಿನ ಬುಟ್ಟಿ ಹಿಂದಕ್ಕೆ ಹೋಯಿತು

ನಮ್ಮ ದ್ವೀಪದಲ್ಲಿ ವಕೀಲರು ಬೇಕೆಂದರೆ ಸೆಬು ಪಟ್ಟಣದಿಂದ ದೋಣಿ ಬರಬೇಕು. ಅದಕ್ಕೇ ದಿಕ್ಕಿಲ್ಲದವರ ಪರ ಮಾತಾಡಲು ನ್ಯಾಯಾಧೀಶರು ಎಷ್ಟೋ ಸಲ ಕೋರ್ಟಿನಲ್ಲೇ ಸಂಬಳಕ್ಕಿರುವ, ಕಾನೂನು ಓದಿದ ಗುಮಾಸ್ತರನ್ನು ನಿಲ್ಲಿಸುತ್ತಾರೆ. ಈ ಸಲ ಗುಮಾಸ್ತೆ ಕ್ರಿಸಾಂತಾಳ ಸರದಿ. ಎಂಟು ವರ್ಷದ ಲುಸಿಂಗಳನ್ನು ಅವಳ ಚಿಕ್ಕಪ್ಪ ಮನೆಗೆಲಸಕ್ಕೆಂದು ಮನಿಲಾಕ್ಕೆ ಒಯ್ಯಲು ಹೊರಟಿದ್ದ. ಮಗುವಿಗೆ ಅಜ್ಜಿಯನ್ನು ಬಿಟ್ಟಿರಲು ಇಷ್ಟವಿಲ್ಲ. ವಿಷಯ ಕೋರ್ಟಿಗೆ ಬಂದಿತ್ತು, ಸೋಮವಾರ ವಿಚಾರಣೆ.

ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಆ ಚಿಕ್ಕಪ್ಪ ಕ್ರಿಸಾಂತಾಳ ತಾಯಿ ಲಿಯೊನಿಲಾಳನ್ನು ತಡೆದ. "ನಿನ್ನ ಮಗಳ ಮೇಲೇ ಕೇಸು ಹಾಕ್ತೀನಿ. ಮನೆ ಮಾರಿಸ್ತೀನಿ ನೋಡ್ತಿರು" ಅಂದ.

ಲಿಯೊನಿಲಾ ಬಿರಬಿರನೆ ಮನೆಗೆ ಬಂದು ಮಗಳಿಗೆ ಅದನ್ನೆಲ್ಲ ಹೇಳಿದಳು.

"ಊರ ಉಸಾಬರಿ ನಿನಗ್ಯಾಕೆ? ನಾಳೆ ಕೋರ್ಟಲ್ಲಿ ಎದ್ದು ನಿಲ್ಲಬೇಡ ಕಣೇ."

"ನಾನೂ ನಿಲ್ಲದಿದ್ರೆ ಆ ಮಗೂಗೆ ಯಾರಿದ್ದಾರಮ್ಮಾ?"

ಅದೇ ಕೋರ್ಟಿನಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತೆಯಾಗಿರುವ ತಿಯೋಫಿಲಾ ಅಲ್ಲೇ ಕೂತಿದ್ದಳು. "ನ್ಯಾಯಾಧೀಶರು ಆದೇಶ ಬರೆದು ಕೊಟ್ಟಿದ್ದಾರೇನೇ?" ಎಂದು ಕೇಳಿದಳು.

"ಇಲ್ಲಕ್ಕ, ಬಾಯಲ್ಲೇ ಹೇಳಿದ್ರು. ನಮ್ಮಲ್ಲಿ ಯಾವಾಗ್ಲೂ ಹಾಗೇ ಅಲ್ವಾ?"

"ಅದೇ ನಾವು ಮಾಡೋ ತಪ್ಪು! ನಾಳೆ ಮೊದಲು ಬರೆಸ್ಕೋ. ಆ ಹಾಳೆ ಇದ್ರೆ ನೀನು ಮಾಡೋದು ಕೋರ್ಟಿನ ಕೆಲಸ. ಪ್ರಾಮಾಣಿಕವಾಗಿ ಮಾಡಿದ್ರೆ, ಕೇಸು ಸೋತ್ರೂ, ನಷ್ಟ ನಿನ್ನ ತಲೆಗೆ ಕಟ್ಟೋ ಹಾಗಿಲ್ಲ. ನಮ್ಮ ಕೋರ್ಟಿನ ನಿಯಮವೇ ಹಾಗಿದೆ."

"ಅಂದ್ರೆ ಏನು ಬೇಕಾದ್ರೂ ಮಾಡ್ಬಹುದಾ?" ಲಿಯೊನಿಲಾ ನಂಬಲಿಲ್ಲ.

"ಎಲ್ಲಾದ್ರೂ ಉಂಟಾ! ಬೇಕಂತ್ಲೇ ಸುಳ್ಳು ಹೇಳಿದ್ರೆ ಆ ರಕ್ಷಣೆ ಹೋಯ್ತು. ಯಾವ ಕಡೆಯವರಿಂದ ಒಂದು ಕಡ್ಡಿ ಇಸ್ಕೊಂಡ್ರೂ ಹೋಯ್ತು."

ಲಿಯೊನಿಲಾಳ ಮುಖ ಬಾಡಿತು. ಒಲೆಯ ಪಕ್ಕ ಒಣಮೀನಿನ ಬುಟ್ಟಿಯಿತ್ತು.

"ಬೆಳಿಗ್ಗೆ ಲುಸಿಂಗಳ ಅಜ್ಜಿ ತಂದಿಟ್ಟು ಹೋದ್ಲು. ಉಪಕಾರ ಮಾಡೋರ ಮನೆಗೆ ಬರಿಗೈಲಿ ಬರೋದು ಹೇಗೆ ಅಂದ್ಲು. ಬೇಡ ಅಂದ್ರೆ ಮುದುಕಿ ಮನಸ್ಸು ನೋಯುತ್ತೆ ಅಂತ ಇಸ್ಕೊಂಡೆ."

"ಪ್ರೀತಿಯಿಂದ್ಲೇ ತಂದಿದ್ದಾಳೆ, ಸುಳ್ಳಲ್ಲ. ಆದ್ರೆ ಆ ಚಿಕ್ಕಪ್ಪ ಅದನ್ನ ಲಂಚ ಅಂತಾನೆ" ಎಂದಳು ತಿಯೋಫಿಲಾ.

ಲಿಯೊನಿಲಾ ಕೂಡಲೇ ಬುಟ್ಟಿ ಹೊತ್ತು ಅಜ್ಜಿಯ ಮನೆಗೆ ನಡೆದಳು. ಬುಟ್ಟಿ ಕಂಡದ್ದೇ ಅಜ್ಜಿಯ ಕಣ್ಣು ತುಂಬಿತು. ಇವರು ಕೈಬಿಟ್ಟರು ಅಂದುಕೊಂಡಳು ಪಾಪ.

"ಅಳಬೇಡ ತಾಯಿ. ಮೀನು ಮಾತ್ರ ವಾಪಸ್ಸು. ನನ್ನ ಮಗಳು ನಾಳೆ ನಿಂತೇ ನಿಲ್ತಾಳೆ."

ಸೋಮವಾರ ಕ್ರಿಸಾಂತಾ ಮೊದಲು ಆದೇಶ ಬರೆಸಿಕೊಂಡಳು. "ಮಗುವಿನ ಪರ ಯಾರು?" ಎಂದು ನ್ಯಾಯಾಧೀಶರು ಕೇಳಿದಾಗ ಚಿಕ್ಕಪ್ಪ ತಿರುಗಿ ಲಿಯೊನಿಲಾಳನ್ನು ದುರುಗುಟ್ಟಿ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. ಕ್ರಿಸಾಂತಾ ಎದ್ದು ನಿಂತಳು. ಅವಳ ಮಾತು ಕೇಳಿ ನ್ಯಾಯಾಧೀಶರು ಮಗುವನ್ನು ಅಜ್ಜಿಗೇ ಒಪ್ಪಿಸಿದರು. ಲುಸಿಂಗ್ ಇವತ್ತಿಗೂ ಅಜ್ಜಿಯ ಜೊತೆಗೇ ಇದ್ದಾಳೆ.

ಕೋರ್ಟಿನಲ್ಲಿ ದುಡಿಯುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇನ್ನೊಬ್ಬರ ಪರ ನಿಲ್ಲುವ ಮುಂಚೆ ಆದೇಶ ಬರೆಸಿಕೊಳ್ಳಿ. ನಿಮಗಿರುವ ರಕ್ಷಣೆ ಏನು, ಎಲ್ಲಿಯವರೆಗೆ ಎಂದು ನಿಮ್ಮ ಕಚೇರಿಯಲ್ಲೇ ಕೇಳಿ. ಯಾರಿಂದಲೂ ಏನನ್ನೂ ತೆಗೆದುಕೊಳ್ಳಬೇಡಿ. ಮನೆಯವರೇ, ಅವರನ್ನು ಹೆದರಿಸಿ ಕೂರಿಸಬೇಡಿ. ನಾಳೆ ಆ ಕಟಕಟೆಯ ಮುಂದೆ ನಮ್ಮ ಮನೆಯ ಮಗುವೇ ಒಂಟಿಯಾಗಿ ನಿಂತಿರಬಹುದು.