ಬದುವಿನ ಮೇಲಿನ ಕುರ್ಚಿ

ಕಿರ್ರೆಂದಿತು ಬಾಗಿಲು, ಯಾರಾದರೂ ಈ ಬಿಜಾಗರಿಗೆ ಒಂದು ತೊಟ್ಟು ಎಣ್ಣೆ ಬಿಡಬಾರದೆ, ಮಡಿಕೇರಿಯ ಡಾಕ್ಟರಂತೆ, ಕೊಡಗು ಮೈಸೂರಿಗೆ ಸೇರಿದ ಮೇಲೆ ಬಯಲುಸೀಮೆಯಿಂದ ಬಂದ ಹುಡುಗ, ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದಾನೆ — ಅದರಲ್ಲಿ ಕಾಣುವುದು ಎದುರಿಗೆ ಕೂತ ದೇರಪ್ಪನ ಮಂಡಿ, ಮದ್ರಾಸಿನಲ್ಲಿ ಮೂಳೆ ಕೊಯ್ದು ಕೂರಿಸಿದ ಲೋಹದ ಮಂಡಿ, ಮೇಲೊಂದು ಸರಳು, ಕೆಳಗೊಂದು ಸರಳು, ನಡುವೆ ಕೀಲು, ಬೆಳ್ಳಗೆ ಹೊಳೆಯುತ್ತಿದೆ, ಒಂದು ಗೀರೂ ಇಲ್ಲ. ಲೋಹಕ್ಕೆ ಏನೂ ಆಗಿಲ್ಲ ಗೌಡ್ರೇ, ಎನ್ನುತ್ತಾನೆ ಡಾಕ್ಟರು. ಆಹಾ, ಸಂತೋಷ, ಕಾಲು ಹಾಳಾಗಿ ಹೋಗಲಿ, ಲೋಹ ಚೆನ್ನಾಗಿರಲಿ! ಸರಳಿನ ಸುತ್ತ ಈ ಕಪ್ಪು ಗೆರೆ ನೋಡಿ, ಇಲ್ಲಿ ಮೂಳೆ ಸವೆದು ಪೊಳ್ಳಾಗಿದೆ, ಈ ಕೀಲು ಬಾಗಿಲಿನ ಹಾಗೆ ಹಿಂದೆ ಮುಂದೆ ಮಡಚುತ್ತೆ ಅಷ್ಟೆ, ಹುಟ್ಟಿದ ಮಂಡಿಯ ಹಾಗೆ ತಿರುಚಿಕೊಳ್ಳಲ್ಲ, ಪಾದ ಊರಿದಲ್ಲೇ ಇದ್ದು ಮೈ ಮಾತ್ರ ತಿರುಗಿದರೆ ಆ ಪೆಟ್ಟೆಲ್ಲ ಮೂಳೆಗೇ ಬೀಳುತ್ತೆ, ಒಂದು ಸಲ ಸರಳು ಸಡಿಲವಾಯ್ತೋ, ಆಮೇಲೆ ನಡೆದಾಗಲೆಲ್ಲ ಅಲುಗಿ ಅಲುಗಿ — ಎಲ್ಲಾದರೂ ಕಾಲು ಸಿಕ್ಕಿಕೊಂಡಿತ್ತಾ? ಇಲ್ಲ, ಎಂದಿತು ಬಾಯಿ. ಕಣ್ಣಿಗೆ ಮಾತ್ರ ಆ ಬೆತ್ತದ ಕುರ್ಚಿ ಬಂತು.

ತಂದಿಟ್ಟವನು ಸಾಂತಪ್ಪ, ಒಡಹುಟ್ಟಿದ ತಮ್ಮ, ನಾಟಿಯ ಕೊನೆಯ ದಿನ, ಗಾಳಿಬೀಡಿನ ನೆಂಟರಿಷ್ಟರೆಲ್ಲ ದೊಡ್ಡ ಗದ್ದೆಯ ಸುತ್ತ ನೆರೆದಿದ್ದರು, ನಾಟಿ ಮುಗಿದ ಮೇಲೆ ಕೆಸರಿನಲ್ಲಿ ಗಂಡಸರ ಓಟ, ಗೆದ್ದವನಿಗೆ ಬಾಳೆಗೊನೆ, ಆದರೆ ಓಟಕ್ಕೆ ಮೊದಲು ಮನೆಯ ಹಿರಿಯ ಬರಿಗಾಲಲ್ಲಿ ಇಳಿದು ಕೊನೆಯ ಹಿಡಿ ಅಗೆ ನೆಡಬೇಕು, ಅಪ್ಪ ನೆಟ್ಟದ್ದು, ಅಜ್ಜ ನೆಟ್ಟದ್ದು. ಅಣ್ಣ, ನೀವು ಇಲ್ಲಿ ಕುದ್ದ್‌ಕಣಿ, ಗದ್ದೆಗೆ ನಾ ಹೋನೆ, ಎಂದ ಸಾಂತಪ್ಪ, ಎಲ್ಲರೆದುರಿಗೆ, ಬದುವಿನ ಮೇಲೆ ಕುರ್ಚಿ ಸರಿಮಾಡುತ್ತಾ, ದೇರಪ್ಪನ ಹೆಂಡತಿ ಬೊಳ್ಳಮ್ಮನೂ ದನಿಗೂಡಿಸಿದಳು, ಡಾಕ್ಟ್ರು ಕೆಸರ್ ಬೇಡಾಂತ ಹೇಳ್ದೊ ಅಲಾ, ಎಂದು — ಕುಂಟನಿಗೆ ಕುರ್ಚಿ, ತಮ್ಮನಿಗೆ ಹಿರಿತನ, ಎಷ್ಟು ಸಲೀಸು, ಮದ್ರಾಸಿನಲ್ಲಿ ಹಲ್ಲು ಕಚ್ಚಿ ನಡಿಗೆ ಕಲಿತದ್ದು ಬದುವಿನ ಮೇಲೆ ಗೊಂಬೆಯಂತೆ ಕೂರುವುದಕ್ಕೇ? ದೇರಪ್ಪ ಇಳಿದೇಬಿಟ್ಟ. ಕೆಸರು ತಣ್ಣಗೆ ಮೀನಖಂಡದವರೆಗೆ ಹಿಡಿಯಿತು, ಕಾಲು ನಿಂತಿತು, ಅಗೆ ನೆಟ್ಟ, ಗೆದ್ದೆ ಅಂದುಕೊಂಡ, ಅಷ್ಟಕ್ಕೇ ಸುಮ್ಮನಿರಬಾರದಿತ್ತೆ, ಸಾಂತಪ್ಪನ ಮುಖ ನೋಡಬೇಕೆನಿಸಿತು, ಆ ಕುರ್ಚಿಯಲ್ಲಿ ತಾನೇ ಕೂತು ಹಲ್ಲು ಕಡಿಯುತ್ತಿರಬೇಕು ಕಳ್ಳ, ಎಂದು ಗಕ್ಕನೆ ತಿರುಗಿದ — ಕೆಸರು ಪಾದ ಬಿಡಲಿಲ್ಲ, ಮಂಡಿ ತಿರುಗಲಿಲ್ಲ, ತೊಡೆಯ ಮೂಳೆಯೊಳಗೆ ಏನೋ ಕಟಕ್ಕೆಂದಿತು, ಬದುವಿನ ಮೇಲೆ ಕುರ್ಚಿ ಖಾಲಿ. ಬೀಳುವ ಮೊದಲೇ ಬೆನ್ನಿಗೆ ಎರಡು ಕೈ, ಹೆದರ್‌ಬೇಡಿ ಅಣ್ಣ, ನಾ ಒಳೆ, ನಾನಿದ್ದೇನೆ ಎಂದವನು ಸಾಂತಪ್ಪನೇ, ಇಳಿದಾಗಿನಿಂದ ಕೈ ಚಾಚಿಕೊಂಡು ಹಿಂದೆಯೇ ಬಂದಿದ್ದನಂತೆ. ಆ ಕೈಗಳನ್ನು ಕೊಡವಿದ್ದಾಯಿತು, ಹಿಂದಿನಿಂದ ಕೂಗಿ ತಿರುಗಿಸಿ ನನ್ನ ಕಾಲು ತೆಗೆದವನು ಇವನೇ ಎಂದು ಕಂಡಕಂಡವರಿಗೆ ಸುಳ್ಳು ಹೇಳಿದ್ದಾಯಿತು, ಅವನು ಒಂದು ಸಲವೂ ಇಲ್ಲ ಅನ್ನಲಿಲ್ಲ, ಇವತ್ತೂ ಕರೆಯದೆಯೇ ಬಂದು ಜೀಪು ಓಡಿಸಿದ.

ಲೋಹ ತೆಗೆದು ಮೂಳೆಗೆ ಮೂಳೆ ಕೂಡಿಸಬೇಕಾಗುತ್ತೆ, ಎನ್ನುತ್ತಿದ್ದಾನೆ ಡಾಕ್ಟರು, ನೋವು ಹೋಗುತ್ತೆ, ಆದರೆ ಕಾಲು ಮತ್ತೆ ಮಡಚಲ್ಲ, ಗದ್ದೆಯ ಆಸೆ ಬಿಟ್ಟುಬಿಡಿ — ಬಿಡಿ, ಬಿಟ್ಟೆ, ಗದ್ದೆ ಬಿಟ್ಟೆ, ಹಿರಿತನ ಬಿಟ್ಟೆ, ಇನ್ನು ಕೂತರೂ ಕಾಲು ಸೌದೆಯಂತೆ ಮುಂದೆ ಚಾಚಿರಬೇಕು, ಸಾಯುವವರೆಗೆ — ಜೊತೆಗೆ ಬಂದವರು ಯಾರಿದ್ದಾರೆ, ಕರೀರಿ, ಎಂದು ಡಾಕ್ಟರೇ ಬಾಗಿಲಿಗೆ ಕೈ ಹಾಕಿದ. ಕಿರ್ರೆಂದಿತು ಬಾಗಿಲು, ಜಗಲಿಯಲ್ಲಿ ಸಾಂತಪ್ಪನ ಬೆನ್ನು ಕಾಣುತ್ತಿದೆ, ತಮ್ಮಾ ಎಂದರೆ ಸಾಕು, ಬಾಯಿ ತೆರೆದ, ಏನೆಂದು ಕರೆಯುವುದು, ಯಾವ ಬಾಯಲ್ಲಿ, ತಮ್ಮಾ — ಬದುವಿನ ಮೇಲೆ ಕುರ್ಚಿ, ಬೆತ್ತದ ಕುರ್ಚಿ, ಖಾಲಿ, ಕುರ್ಚಿ ಖಾಲಿ