ಕೆಂಚಯ್ಯನವರು ಕಟ್ಟಿದ ಹೆಸರುಕಾಳು

ಕಂದಿಕೆರೆಯ ಕೆಂಚಯ್ಯನವರ ಬಗ್ಗೆ ಬರೆಯುವುದಕ್ಕೆ ಕಾರಣ ಒಂದೇ. ಊಟ ಬಿಟ್ಟು ಮಲಗಿದ್ದ ಹೆಂಡತಿಗೆ ಮತ್ತೆ ಊಟ ಹಿಡಿಸಿದ ಮನುಷ್ಯ ಅವರು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಏನು ಕೈಗೆ ಬಂದರೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು ಅವರ ಅಭ್ಯಾಸ. ಬೆಂಕಿಪೊಟ್ಟಣವಾದರೂ ಸರಿ, ಔಷಧಿ ಬಾಟಲಿಯಾದರೂ ಸರಿ. ಅಟ್ಟಕ್ಕೆ ಹಾಕಿದ ತೆಂಗಿನಕಾಯೊಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಸದ್ದಿನಲ್ಲೇ ತಿಳಿದುಕೊಂಡು ಬದುಕಿದವರು. ಕಾಯಿ ಸುಲಿದೂ ಸುಲಿದೂ ಬಲಭುಜ ಇಳಿದುಹೋಗಿದೆ. ಬರಿಗೈಲಿ ನಡೆದರೂ ಮೂಟೆ ಹೊತ್ತವರ ಹಾಗೆ ಕಾಣುತ್ತಾರೆ. ಜಗಳಕ್ಕೂ ಮದುವೆ ಮಾತುಕತೆಗೂ ಅವರ ಬಾಯಲ್ಲಿ ಬರುವುದು ಒಂದೇ ಮಾತು, "ಆಗ್ಲಿ ಬುಡು."

ಹೋದ ಮಳೆಗಾಲದಲ್ಲಿ ಅವರ ಹೆಂಡತಿ ಶಾಂತಕುಮಾರಿಯವರಿಗೆ ಕಾಮಾಲೆ ಬಂತು. ಕಾಯಿಲೆ ಹೋಯಿತು, ಹಸಿವು ಬರಲಿಲ್ಲ. ತಟ್ಟೆ ಕಂಡರೆ ಗೋಡೆ ಕಡೆ ತಿರುಗಿಬಿಡುವರು. ಹೊಟ್ಟೆಗೆ ಏನೂ ಹೋಗದಿದ್ದರೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ, ಹೆಸರುಕಾಳು ಮೊಳಕೆ ಕಟ್ಟಿ ಚೆನ್ನಾಗಿ ಬೇಯಿಸಿ ಕೊಟ್ಟು ನೋಡಿ ಎಂದರು ಡಾಕ್ಟರು. ಆ ಮನೆಯಲ್ಲಿ ಮೊಳಕೆ ಕಟ್ಟುತ್ತಿದ್ದವರು ಶಾಂತಕುಮಾರಿಯವರೇ. ಮಲಗಿದವರನ್ನು ಎಬ್ಬಿಸಿ ಕೇಳಲು ಇವರಿಗೆ ಮನಸ್ಸಾಗಲಿಲ್ಲ.

ಕಾಳು ನೆನೆಸಿದರು. ಹಳೇ ಪಂಚೆಯ ತುಂಡಿನಲ್ಲಿ ಬಿಗಿಯಾಗಿ ಗಂಟು ಹಾಕಿದರು. ಒಯ್ದು ಅಟ್ಟದ ಮೇಲೆ ಕಾಯಿಗಳ ನಡುವೆ ಇಟ್ಟರು. ಅಟ್ಟಕ್ಕೆ ಹಾಕಿದ್ದನ್ನು ಕೆದಕಬಾರದು, ತಾನಾಗಿಯೇ ಹದಕ್ಕೆ ಬರಬೇಕು ಎನ್ನುವುದು ಕೊಬ್ಬರಿ ಮಾಡುವವರ ಲೆಕ್ಕ. ಆಗಾಗ ಏಣಿ ಹತ್ತಿ ಗಂಟನ್ನು ಕಿವಿಗೆ ಹಿಡಿದು ಇಳಿದು ಬರುತ್ತಿದ್ದರಂತೆ. ಶಾಂತಕುಮಾರಿಯವರನ್ನು ನೋಡಲು ನಾನು ಹೋದಾಗ ಮನೆಯೆಲ್ಲ ನಾತ. ಗಂಟು ಬಿಚ್ಚಿದರೆ ಕಾಳು ಲೋಳೆಯಾಗಿತ್ತು. ಪಕ್ಕದ ಮನೆಯ ಕೋಮಲಾ ಬಂದು ನೋಡಿ ನಕ್ಕಳು.

"ಅದೇನು ಕೊಬ್ಬರಿ ಏನಣ್ಣ, ಸದ್ದು ಮಾಡಕ್ಕೆ? ನೀರು ಬಸ್ದು ಸಡ್ಲವಾಗಿ ಕಟ್ಟು. ಬೆಳಗ್ಗೆ ಸಾಯಂಕಾಲ ತೊಳೀಬೇಕು. ಕಾಳಿಗೂ ಗಾಳಿ ಬೇಡ್ವಾ?"

ಕೆಂಚಯ್ಯನವರು ನಗಲಿಲ್ಲ. ಆಗ್ಲಿ ಬುಡು ಅನ್ನಲೂ ಇಲ್ಲ. ಲೋಳೆ ಹತ್ತಿದ ಕೈ ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದರು.

"ಅವ್ಳು ಹಿಂಗೇ ಮಲಗ್ಬುಟ್ರೆ ನಾನೇನ್ ಮಾಡ್ಲಪ್ಪ?"



ಮತ್ತೆ ಕಾಳು ನೆನೆಸಿದರು. ಈ ಸಲ ಗಂಟನ್ನು ಶಾಂತಕುಮಾರಿಯವರ ಮಂಚದ ಪಕ್ಕದ ಗೂಟಕ್ಕೆ ತೂಗುಹಾಕಿದರು. ಹೊತ್ತುಹೊತ್ತಿಗೆ ಬಿಚ್ಚಿ, ಆ ಒರಟು ಬೆರಳುಗಳಲ್ಲಿ ಕಾಳು ನಲುಗದ ಹಾಗೆ ತೊಳೆದು ಮತ್ತೆ ಕಟ್ಟುವರು. ಶಾಂತಕುಮಾರಿಯವರು ಗೋಡೆ ಕಡೆ ತಿರುಗಿಯೇ ಇದ್ದರು. ಆದರೆ ಒಂದು ಬೆಳಗ್ಗೆ ಇತ್ತ ಹೊರಳಿ, ಕೈ ಚಾಚಿ ಗಂಟನ್ನು ಒತ್ತಿ ನೋಡಿ, ಆಗಿದೆ ಇಳಿಸಿ ಅಂದರಂತೆ. ಬಿಳೀ ಮೊಳಕೆ ಬಟ್ಟೆ ತೂರಿಕೊಂಡು ಹೊರಗೆ ಬಂದಿತ್ತು.

ಬೇಯಿಸಿ, ಒಗ್ಗರಣೆ ಹಾಕಿ, ಕಾಯಿತುರಿ ಉದುರಿಸಿ ತಂದುಕೊಡುವಾಗ ನಾನು ಬಾಗಿಲಲ್ಲಿದ್ದೆ. ಒಂದು ತುತ್ತು ಬಾಯಿಗಿಟ್ಟು ಆಯಮ್ಮ ಗಂಡನನ್ನು ದುರುಗುಟ್ಟಿ ನೋಡಿದರು.

"ಉಪ್ಪೇ ಇಲ್ವಲ್ರೀ. ಏನ್ ದನಕ್ಕೆ ಬೇಯ್ಸಿದ್ರಾ?"

ಉಪ್ಪು ತರಿಸಿಕೊಂಡು ಬಟ್ಟಲು ಖಾಲಿ ಮಾಡಿದರು. ಕೆಂಚಯ್ಯನವರು ಜಗಲಿಗೆ ಬಂದು ಕುಳಿತು, ಟವಲಿನಲ್ಲಿ ಮುಖ ಮುಚ್ಚಿಕೊಂಡು ಉದ್ದಕ್ಕೆ ಉಸಿರು ಬಿಟ್ಟರು.

ಇಂಥವರು ನಮ್ಮ ಕಡೆ ಇನ್ನೂ ಇದ್ದಾರೆ. ನಿನ್ನ ಮೇಲೆ ಪ್ರೀತಿ ಎಂದು ಹೇಳಲು ಅವರಿಗೆ ಬಾಯಿ ಬರುವುದಿಲ್ಲ. ಒಂದು ಕೆಲಸ ಹಿಡಿದು, ಕೆಡಿಸಿ, ಮತ್ತೆ ಮೊದಲಿಂದ ಶುರು ಮಾಡುತ್ತಾರೆ.

ಕಂದಿಕೆರೆ ಕಡೆ ಹೋದರೆ ಅವರ ಮನೆಗೆ ಹೋಗಿ ಬನ್ನಿ. ಶಾಂತಕುಮಾರಿಯವರು ಒಳಗೆ ಕರೆದು ಹೆಸರುಕಾಳಿನ ಬಟ್ಟಲು ಕೈಗೆ ಕೊಡುತ್ತಾರೆ. ಬೇಡ ಅನ್ನಬೇಡಿ.